ತಾರಸಿಯ ಮೇಲಿನ ಮಂಡಲ

ರಸ್ತೆಯ ಮೇಲೆ ಯಾರೋ ಬಿಟ್ಟುಹೋದ ಒಂದು ಗೆರೆಗೂ ಏನೋ ಅರ್ಥವಿದ್ದೇ ಇರುತ್ತದೆ ಎಂದು ನಾವು ಮಕ್ಕಳೆಲ್ಲ ನಂಬಿಕೊಂಡಿದ್ದ ದಿನಗಳವು. ಶಾಲೆಗೆ ಹೋಗುವ ದಾರಿಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಸುತ್ತು ಬಳಸಿ ನಡೆಯುತ್ತಿದ್ದೆವು. ಆಯುಧ ಪೂಜೆಯ ಮರುದಿನ ರಸ್ತೆಗಳಲ್ಲೆಲ್ಲ ಒಡೆದ ಬೂದುಗುಂಬಳ ಹರಡಿ, ಅದರ ಹೊಟ್ಟೆಗೆ ತುಂಬಿದ ಕುಂಕುಮದ ಕೆಂಪು ಕಂಡರೆ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದೆವು. ಹೊಸ ಕಟ್ಟಡಗಳ ಮುಂದೆ ತೂಗುಹಾಕಿದ ಹಲ್ಲು ಕಿರಿಯುವ ರಾಕ್ಷಸನ ಮುಖವನ್ನು ನೇರವಾಗಿ ನೋಡಬಾರದು, ನೋಡಿದರೆ ಮೂರು ಸಲ ಉಗುಳಬೇಕು. ಇವನ್ನೆಲ್ಲ ನನಗೆ ಕಲಿಸಿದವಳು ಕಲೈ.

ಆಗ ನಾವು ತಮಿಳು ಸೀಮೆಯ ಕಡಲ ಬದಿಯ ರಾಯಪುರಂನಲ್ಲಿ ಇದ್ದೆವು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಹಾರ್ಬರ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಒಂದೇ ಅಂಗಳದ ಸುತ್ತ ಐದಾರು ಸಂಸಾರಗಳಿದ್ದ ಹಳೆಯ ವಠಾರ ಅದು. ಮಹಡಿಯ ಮೇಲೆ ನಾವು, ನಮ್ಮ ಕೆಳಗೆ ಕಲೈಯ ಮನೆ. ಬೆಳಿಗ್ಗೆ ನಮ್ಮ ಮನೆಯಿಂದ ತೆಂಗಿನೆಣ್ಣೆಯ ಒಗ್ಗರಣೆ, ಅವರ ಮನೆಯಿಂದ ಕರುವಾಡಿನ, ಅಂದರೆ ಒಣಮೀನಿನ, ಘಾಟು, ಮೀನು ಬಂದರಿನ ಕಡೆಯಿಂದ ಡೀಸೆಲ್ಲು ಮತ್ತು ಉಪ್ಪಿನ ಗಾಳಿ, ಮೂರೂ ಮೆಟ್ಟಿಲ ಮೇಲೆ ಸೇರುತ್ತಿದ್ದವು. ಕಲೈ ಮತ್ತು ನಾನು ಒಂದೇ ತರಗತಿ. ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕ ಬರೆದು ಪಾಂಡಿ ಆಡುತ್ತಿದ್ದೆವು, ಊರಲ್ಲಿ ಅಜ್ಜಿ ಕುಂಟೆಬಿಲ್ಲೆ ಅನ್ನುತ್ತಿದ್ದ ಆಟ. ಅವಳ ಅಪ್ಪ ದೋಣಿಯಲ್ಲಿ ಕಡಲಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅವಳ ತಾಯಿ ವಸಂತಾ ಅಕ್ಕ, ಅಜ್ಜಿ, ಮತ್ತು ದೋಣಿಯ ಇಂಜಿನ್ ರಿಪೇರಿ ಮಾಡುವ ಅವಳ ಸೋದರಮಾವ, ದೀನಾ ಮಾಮಾ. ಅಜ್ಜಿಯನ್ನು ಅಲ್ಲೆಲ್ಲ ಆಯಾ ಅನ್ನುತ್ತಾರೆ, ನನಗೂ ಅವರು ಆಯಾ. ದೀನಾ ಮಾಮಾ ನಮ್ಮಿಬ್ಬರನ್ನೂ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕಡಲ ತನಕ ಒಯ್ದು ತರುತ್ತಿದ್ದ. ಮುಂದೆ ನಡೆದದ್ದನ್ನು ಹೇಳುವಾಗ ಇದು ನೆನಪಿನಲ್ಲಿರಬೇಕು. ಅವನು ಕೆಟ್ಟವನಲ್ಲ.

ಆ ವರ್ಷ ಅಮ್ಮ ಬಸುರಿ. ಅದಕ್ಕೆ ಮೊದಲು ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಹಾಗಾಗಿ ನವರಾತ್ರಿಯ ಹೊತ್ತಿಗೆ ಊರಿನಿಂದ ಅಜ್ಜ ಬಂದರು, ಅಮ್ಮನ ಅಪ್ಪ. ಅವರು ಮಂಡಲ ಬರೆದು ದುರ್ಗಾ ನಮಸ್ಕಾರ ಮಾಡಿಸುವವರು. ಸುತ್ತಲಿನ ಹತ್ತಾರು ಊರುಗಳಲ್ಲಿ ಅವರಷ್ಟು ಹಸನಾಗಿ ಬರೆಯುವವರಿಲ್ಲ ಎಂದು ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ನಮ್ಮ ಮನೆಯೊಳಗೆ ಅಷ್ಟು ಜಾಗ ಇರಲಿಲ್ಲ. ಮನೆ ಮಾಲೀಕರನ್ನು ಕೇಳಿ, ತಾರಸಿಯ ಮೇಲೆ ಮಾಡುವುದೆಂದಾಯಿತು.

ಮಧ್ಯಾಹ್ನದಿಂದಲೇ ಅಜ್ಜ ಸಿಮೆಂಟಿನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಬರೆಯತೊಡಗಿದರು. ಅಕ್ಕಿಹಿಟ್ಟಿನ ಬಿಳಿ, ಅರಿಶಿನದ ಹಳದಿ, ಅರಿಶಿನಕ್ಕೆ ಸುಣ್ಣ ಬೆರೆಸಿದ ಕೆಂಪು, ಒಣಗಿಸಿದ ಎಲೆಯ ಹಸಿರು, ಸುಟ್ಟ ಭತ್ತದ ಹೊಟ್ಟಿನ ಕಪ್ಪು. ಪುಡಿ ಅವರ ಬೆರಳ ಸಂದಿಯಿಂದ ನೂಲಿನ ಹಾಗೆ ಇಳಿಯುತ್ತಿತ್ತು. ಮೊದಲು ನಡುವೆ ಒಂದು ಚುಕ್ಕೆ. ಅದರ ಸುತ್ತ ಮೇಲ್ಮುಖದ ಒಂದು ತ್ರಿಕೋನ, ಅದರ ಮೇಲೆ ಕೆಳಮುಖದ ಇನ್ನೊಂದು. ಎರಡೂ ಕೂಡಿ ಆರು ಮೂಲೆಯ ನಕ್ಷತ್ರವಾಯಿತು. ಅದರಾಚೆ ಎಂಟು ದಳ, ಅದರಾಚೆ ನಾಲ್ಕು ಬಾಗಿಲ ಚೌಕ. ಮೇಲೆ ನೋಡುವ ತ್ರಿಕೋನ ಬೆಂಕಿ, ಅದು ಶಿವ. ಕೆಳಗೆ ನೋಡುವುದು ನೀರು, ಅದು ಅಮ್ಮ, ದುರ್ಗೆ. ಒಂದರೊಳಗೊಂದು ಹೊಕ್ಕಾಗಲೇ ಜೀವ ಹುಟ್ಟುವುದು. ಹೀಗೆ ಒಂದೊಂದನ್ನೂ ಹೇಳಿಕೊಡುತ್ತ ಬರೆದರು. ಇಷ್ಟೆಲ್ಲ ಯಾಕೆ ಎಂದು ನಾನು ಕೇಳಿದೆ.

"ಇದ್ ಮನೆ ಮಗಾ. ಅಮ್ಮನಿಗೆ ಬಂದ್ ಕೂಕಂಬುಕೆ ಒಂದ್ ಮನೆ," ಎಂದರು. "ಕಾಣ್, ಬಾಗಿಲಿತ್ತ್, ಅಂಗಳ ಇತ್ತ್. ನಮ್ಮನೆ ಹಾಂಗೇ."

ಮುಸ್ಸಂಜೆಗೆ ನಡುವೆ ದೀಪ ಇಟ್ಟು, ಅಪ್ಪ ಅಮ್ಮ ಅದರ ಸುತ್ತ ಬಂದು ಅಡ್ಡಬಿದ್ದರು. ಕಲೈ ಮೆಟ್ಟಿಲ ಬಾಗಿಲಲ್ಲಿ ನಿಂತು ನೋಡಿದಳು. ಆಯಾ ಕೂಡ ಬಂದು ಕೈಮುಗಿದು ಬಾಳೆಹಣ್ಣು ತೆಗೆದುಕೊಂಡು ಹೋದರು. ಪೂಜೆ ಮುಗಿದ ಮೇಲೆ ಅಜ್ಜ ಅಷ್ಟು ಚೆಂದದ ಮಂಡಲವನ್ನು ಅಂಗೈಯಿಂದ ಸವರಿ ಅಳಿಸಿಬಿಟ್ಟರು. ಮರುದಿನ ಬೆಳಿಗ್ಗೆ ಅಪ್ಪ ನೀರು ಹಾಕಿ ತಾರಸಿ ತೊಳೆದರು. ಅರಿಶಿನ ಸುಣ್ಣ ಸೇರಿದ ನೀರು ರಕ್ತದಷ್ಟು ಕೆಂಪಾಗಿ ಕೊಳವೆಯಿಂದ ಕೆಳಗಿಳಿದು ಕಲೈಯ ಮನೆಯ ಹೊಸಿಲ ಮುಂದೆ ನಿಂತಿತು. ವಸಂತಾ ಅಕ್ಕ ಗೊಣಗಿಕೊಂಡು ಪೊರಕೆಯಿಂದ ಗುಡಿಸಿ ಮೋರಿಗೆ ತಳ್ಳಿದರು. ಅಂದಿಗೆ ಅದು ಅಷ್ಟೇ.

ಎರಡು ದಿನ ಕಳೆಯುವಷ್ಟರಲ್ಲಿ ಕಲೈಗೆ ಜ್ವರ ಬಂತು. ಬೀದಿಯ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಇಳಿಯಿತು, ಮತ್ತೆ ಏರಿತು. ಒಂದು ಸಂಜೆ ಅವಳು ಕೈಕಾಲು ಸೆಟೆದು ನಡುಗಿದಳಂತೆ. ನನ್ನನ್ನು ಒಳಗೆ ಬಿಡಲಿಲ್ಲ. ಕಿಟಕಿಯಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು, ಚಾಪೆಯಿಂದ ಹೊರಗೆ ಚಾಚಿಕೊಂಡು, ಅಲುಗದೆ.

ಅಷ್ಟರಲ್ಲಿ ದೀನಾ ಮಾಮಾ ಯಾವುದೋ ಕೆಲಸಕ್ಕೆ ತಾರಸಿಗೆ ಹೋದವನು ನೆಲ ನೋಡಿದ್ದಾನೆ. ಪುಡಿ ಹೋಗಿತ್ತು, ಕಲೆ ಹೋಗಿರಲಿಲ್ಲ. ಒರಟು ಸಿಮೆಂಟು ಅರಿಶಿನವನ್ನೂ ಕರಿಯನ್ನೂ ಕುಡಿದುಕೊಂಡಿತ್ತು. ಆರು ಮೂಲೆಯ ನಕ್ಷತ್ರ, ನಡುವೆ ದೀಪದ ಎಣ್ಣೆಯ ಕಪ್ಪು ವೃತ್ತ. ಅವನ ಹತ್ತಿರ ಆಗಷ್ಟೇ ಕೊಂಡ ಕ್ಯಾಮರಾ ಫೋನಿತ್ತು. ಅವನು ತೆಗೆದ ಚಿತ್ರ ಬೀದಿಯಲ್ಲೆಲ್ಲ ಕೈಯಿಂದ ಕೈಗೆ ಹೋಯಿತು. ಆ ದಿನಗಳಲ್ಲಿ ಸಂಜೆಯಾದರೆ ಎಲ್ಲರ ಮನೆಯ ಟಿವಿಯಲ್ಲೂ ಮಂತ್ರವಾದಿಗಳ ಧಾರಾವಾಹಿ ಬರುತ್ತಿತ್ತು. ತಲೆಬುರುಡೆ, ನಿಂಬೆಹಣ್ಣು, ನೆಲದ ಮೇಲೆ ಇಂಥದೇ ನಕ್ಷತ್ರ. ಎಲ್ಲರಿಗೂ ಗುರುತು ಸಿಕ್ಕಿತು. ಕಡಲ ಕಡೆಯ ಒಬ್ಬ ಕಣಿ ಹೇಳುವವನಿಗೆ ಆ ಚಿತ್ರ ತೋರಿಸಿದರು. ಅವನು, ಇದು ಸೂನ್ಯಂ, ಮಾಟ, ಅಂದನಂತೆ. ಕೆಳಮುಖದ ತ್ರಿಕೋನ ಒಂದು ಜೀವವನ್ನು ಕೆಳಗೆ ಎಳೆಯುತ್ತದೆ, ಮೇಲ್ಮುಖದ್ದು ಇನ್ನೊಂದನ್ನು ಎತ್ತುತ್ತದೆ. ಮೇಲಿನ ಮನೆಯ ಹೊಟ್ಟೆಯಲ್ಲಿರುವ ಕೂಸು ಉಳಿಯಲೆಂದು ಕೆಳಗಿನ ಮನೆಯ ಕೂಸನ್ನು ಕೊಟ್ಟಿದ್ದಾರೆ. ಅದಕ್ಕೇ ರಕ್ತದ ನೀರನ್ನು ಹೊಸಿಲಿಗೆ ಹರಿಸಿದ್ದಾರೆ. ಕಟ್ಟು ಬಿಚ್ಚುವವರೆಗೆ ಹುಡುಗಿಯನ್ನು ಹೊಸಿಲು ದಾಟಿಸಿದರೆ ಅಲ್ಲಿಗೆ ಮುಗಿಯಿತು.

ಇದನ್ನೆಲ್ಲ ನನಗೆ ಹೇಳಿದ್ದು ವಠಾರದ ಮಕ್ಕಳು, ನಲ್ಲಿಯ ಹತ್ತಿರ, ನನ್ನಿಂದ ದೂರ ನಿಂತುಕೊಂಡು.

ನಾನು ಅದನ್ನು ನಂಬಿದೆ. ಈಗ ಹೇಳಿದರೆ ಯಾರಿಗೂ ಅರ್ಥವಾಗಲಿಕ್ಕಿಲ್ಲ, ಆದರೆ ಅದು ಅಜ್ಜನ ಮಾತಿಗಿಂತ ಹೆಚ್ಚು ನಿಜವೆನಿಸಿತು. ಎರಡು ತ್ರಿಕೋನ ಕೂಡಿದರೆ ಜೀವ ಹುಟ್ಟುತ್ತದೆ ಎಂದು ಅವರೇ ಹೇಳಿದ್ದರಲ್ಲ. ಆ ಜೀವ ಎಲ್ಲಿಂದ ಬರುತ್ತದೆ ಎಂದು ಹೇಳಿರಲಿಲ್ಲ. ಅಮ್ಮ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟು ಮಗು ಒದೆಯುವುದನ್ನು ತೋರಿಸಿದಾಗ ನಾನು ಕೈ ಕಿತ್ತುಕೊಂಡೆ. ಕೆಳಗೆ ಕಲೈಯ ಪಾದ ಅಲುಗುತ್ತಿಲ್ಲ, ಇಲ್ಲಿ ಇದು ಒದೆಯುತ್ತಿದೆ. ಅಜ್ಜ ಕಲಸಿಕೊಟ್ಟ ಅನ್ನದ ತುತ್ತನ್ನು ಬಾಯಲ್ಲಿಟ್ಟುಕೊಂಡು, ಅವರ ಉಗುರಿನ ಸಂದಿಯಲ್ಲಿ ಉಳಿದ ಕರಿಯನ್ನು ನೋಡುತ್ತಿದ್ದೆ. ಯಾರನ್ನು ಕೇಳುವುದು? ಕೇಳಿದರೆ, ಹೌದು ಎಂದುಬಿಟ್ಟರೆ?

ಮಾರನೆಯ ಮಧ್ಯಾಹ್ನ ಮೆಟ್ಟಿಲ ಮೇಲೆ ಬಹಳ ಹೆಜ್ಜೆಗಳ ಸದ್ದಾಯಿತು. ಅಪ್ಪ ಹೋಟೆಲಿನಲ್ಲಿದ್ದರು. ಅಮ್ಮ ಬಾಗಿಲು ತೆರೆದಳು. ದೀನಾ ಮಾಮಾ, ಅವನ ಹಿಂದೆ ದೋಣಿಯ ಕೆಲಸದ ಗಂಡಸರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆಯಿತ್ತು, ಇಂಜಿನ್ನಿಗೆ ಬಳಸುವಂಥದು. ದೀನಾ ಮಾಮಾನ ಕಣ್ಣುಗಳು ಅತ್ತು ಕೆಂಪಾಗಿದ್ದವು. ಅವನು ಅಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಯ್ಯರು ತಾತನನ್ನು ಕರೆಯಿರಿ, ಅಂದ.

ಅಜ್ಜ ಪಂಚೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಅವರಿಗೆ ತಮಿಳಿನ ಒಂದಕ್ಷರ ಬಾರದು. ಅಮ್ಮ ಗೋಡೆ ಹಿಡಿದು ನಿಂತಿದ್ದಳು, ಅವಳ ಬಾಯಿಂದ ಮಾತು ಹೊರಡಲಿಲ್ಲ. ಹಾಗಾಗಿ ಆ ಮಾತುಗಳೆಲ್ಲ ನನ್ನ ಮೂಲಕ ಹೋಗಬೇಕಾಯಿತು.

"ಅವ್ರ್ ಎಂತ ಹೇಳ್ತ್ರ್ ಮಗಾ?"

ನಾನು ಹೇಳಿದೆ. ಸೂನ್ಯಂ ಅಂದರೆ ಏನೆಂದು ಹೇಳಿದೆ. ನಕ್ಷತ್ರ, ಕೆಂಪು ನೀರು, ಅಮ್ಮನ ಹೊಟ್ಟೆಯ ಮಗು, ಕಲೈ. ಹೇಳುತ್ತ ಹೋದಂತೆ ಅಜ್ಜನ ಮುಖ ಬಿಳಿಚಿತು. ಅವರ ಬಾಳಿನಲ್ಲಿ ಅಂಥ ಮಾತನ್ನು ಯಾರೂ ಅವರಿಗೆ ಅಂದಿರಲಿಲ್ಲ. ಹುಡುಗಿಯನ್ನು ನೋಡಬೇಕು ಎಂದು ಹೇಳು ಅಂದರು. ಗಂಡಸರು ಅಡ್ಡ ನಿಂತರು. ಕೆಳಗಿನಿಂದ ಆಯಾ ಕೂಗಿ, ಬರಲಿ ಬಿಡಿ, ಕಟ್ಟಿದವನೇ ಬಂದು ನೋಡಲಿ ಎಂದರು.

ಕಲೈಯ ಮನೆಯಲ್ಲಿ ಕತ್ತಲೆ. ಸಾಂಬ್ರಾಣಿಯ ಹೊಗೆ, ಬೇವಿನ ಸೊಪ್ಪು, ವಾಂತಿಯ ಹುಳಿ ವಾಸನೆ. ಗೋಡೆಯ ಮೇಲೆ ಮುರುಗನ ಪಟ, ಅದರ ಕೆಳಗೆ ಚೌಕಟ್ಟು ಹಾಕಿದ ತಾಮ್ರದ ತಗಡು. ತಗಡಿನಲ್ಲಿ ಆರು ಮೂಲೆಯ ನಕ್ಷತ್ರ, ಮೂಲೆಗೊಂದು ತಮಿಳಕ್ಷರ. ಅಜ್ಜ ಅದನ್ನು ಕಂಡು ಕೈಯೆತ್ತಿ ತೋರಿಸಿದರು. ನಾನು ಬರೆದದ್ದೂ ಇದೇ ಅಲ್ಲವೇ ಎಂದು ಕೇಳಲು ನನಗೆ ಹೇಳಿದರು. ನಾನು ಕೇಳಿದೆ. ವಸಂತಾ ಅಕ್ಕ ತಲೆಯೆತ್ತದೆ, ಅದು ದೇವರದು, ನಿಮ್ಮದು ಬೇರೆ, ಎಂದರು. ಆ ಮಾತಿನ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ.

ಅಜ್ಜ ಚಾಪೆಯ ಪಕ್ಕ ಕೂತು ಕಲೈಯ ಕೈ ಹಿಡಿದರು. ತೋಳಿನ ತುಂಬ ಸೂಜಿಯಿಂದ ಚುಚ್ಚಿದ ಹಾಗೆ ಕೆಂಪು ಚುಕ್ಕೆಗಳಿದ್ದವು. ಒಸಡಿನಿಂದ ರಕ್ತ ಜಿನುಗಿ ತುಟಿಯಂಚಿನಲ್ಲಿ ಒಣಗಿತ್ತು. ಊರಿನಲ್ಲಿ ಹಿಂದಿನ ಮಳೆಗಾಲ ಪಕ್ಕದ ಮನೆಯ ಹುಡುಗ ಇಂಥದೇ ಜ್ವರದಲ್ಲಿ ಹೋದದ್ದನ್ನು ಅವರು ನೋಡಿದ್ದರು. ಈಗಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಹೇಳು, ಅಂದರು. ಹೇಳಿದೆ. ಕಟ್ಟು ಬಿಚ್ಚದೆ ಹೊಸಿಲು ದಾಟಿಸುವುದಿಲ್ಲ ಎಂದ ದೀನಾ ಮಾಮಾ. ಅಜ್ಜ ಇನ್ನೊಮ್ಮೆ ಹೇಳಿಸಿದರು. ಅವನು ಸಲಾಕೆಯವನ ಕಡೆ ತಿರುಗಿ, ಇವರೇ ಸಾಯಿಸಬೇಕೆಂದು ಕಾಯುತ್ತಿದ್ದಾರೆ, ಎಂದ.

ಆಗ ಅಜ್ಜ ಕಣ್ಣು ಮುಚ್ಚಿಕೊಂಡರು. ತೆರೆದಾಗ ಅವರ ದನಿ ಬೇರೆಯಾಗಿತ್ತು.

"ಹೌದ್ ಅಂತ ಹೇಳ್ ಮಗಾ. ಕಟ್ಟದ್ದ್ ನಾನೇ ಅಂತ ಹೇಳ್."

ನಾನು ಅವರ ಮುಖವನ್ನೇ ನೋಡಿದೆ.

"ಹೇಳ್. ಬಿಚ್ಚುದೂ ನಾನೇ. ಆದ್ರೆ ಹೊತ್ತ್ ಕಂತುದ್ರೊಳಗೆ ಈ ಹೆಣ್ಣನ್ನ ದೊಡ್ಡಾಸ್ಪತ್ರಿಗೆ ಸೇರ್ಸ್ಕ್. ಅಲ್ಲಿ ಡಾಕ್ಟ್ರ್ ಸೂಜಿ ಚುಚ್ಚಿ ಮೇಲೇ ನನ್ ಕಟ್ಟ್ ಬಿಚ್ಚುದ್. ಇಲ್ದಿದ್ರೆ ನನ್ ಕೈಯಲ್ಲೂ ಆತಿಲ್ಲ."

ಆ ಮಾತುಗಳನ್ನು ನಾನು ತಮಿಳಿನಲ್ಲಿ ಹೇಳಿದೆ. ಯಾರೋ ನನ್ನ ಬಾಯಿಂದ ಮಾತಾಡುತ್ತಿದ್ದಾರೆ ಅನಿಸಿತ್ತು. ಒಂದು ಕ್ಷಣ ಎಲ್ಲರೂ ಅಜ್ಜನಿಂದ ಹಿಂದೆ ಸರಿದರು, ಸಲಾಕೆ ಹಿಡಿದವನೂ. ಆಯಾ ಮಾತ್ರ ಅವರನ್ನೇ ದಿಟ್ಟಿಸಿ ನೋಡುತ್ತ, "ಎತ್ತು, ದೀನಾ," ಎಂದರು. ದೀನಾ ಮಾಮಾ ಕಲೈಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊಸಿಲು ದಾಟಿ ಓಡಿದ. ವಠಾರದ ಬಾಗಿಲಲ್ಲಿ ಯಾರೋ ಆಟೋ ಕೂಗಿ ನಿಲ್ಲಿಸಿದ್ದರು.

ಅಜ್ಜ ಮೇಲೆ ಬಂದು ಒಂದು ಬಕೆಟ್ ನೀರು, ತೆಂಗಿನ ನಾರು ಹಿಡಿದು ತಾರಸಿಗೆ ಹೋದರು. ಮಂಡಿಯೂರಿ ಆ ಕಲೆಯನ್ನು ಉಜ್ಜತೊಡಗಿದರು. ಅಂಗಳದಲ್ಲಿ ಇಡೀ ವಠಾರ ನಿಂತು ಮೇಲೆ ನೋಡುತ್ತಿತ್ತು. ಮಳೆ ಶುರುವಾಯಿತು, ಅವರು ನಿಲ್ಲಿಸಲಿಲ್ಲ. ಸಂಜೆ ಅಪ್ಪ ಬಂದು ಸಂಗತಿ ಕೇಳಿ ತಲೆಯ ಮೇಲೆ ಕೈಹೊತ್ತು ಕೂತರು. ಆ ಹುಡುಗಿಗೆ ಏನಾದರೂ ಆದರೆ ಇವರು ನಮ್ಮನ್ನು ಉಳಿಸುತ್ತಾರೆಯೇ ಎಂದು ಅಪ್ಪ ಕೇಳಿದ್ದು, ಅಜ್ಜ ಒದ್ದೆ ಪಂಚೆ ಹಿಂಡುತ್ತ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಅನಂತರದ ದಿನಗಳಲ್ಲಿ ನಾವು ಬಾಗಿಲು ತೆರೆಯಲಿಲ್ಲ. ನಾನು ಶಾಲೆಗೆ ಹೋಗಲಿಲ್ಲ. ಕೆಳಗೆ ಆಟೋ ನಿಂತ ಸದ್ದಾದರೆ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು. ಅಳು ಕೇಳಿಸುತ್ತದೆಯೋ ಎಂದು ನಾನು ನೆಲಕ್ಕೆ ಕಿವಿಯಿಟ್ಟು ಮಲಗಿರುತ್ತಿದ್ದೆ. ಕಲೈಗಾಗಿ ಹೆದರುತ್ತಿದ್ದೆನೋ ಅಜ್ಜನಿಗಾಗಿಯೋ ನನಗೇ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅಜ್ಜನಿಗೇ ಹೆದರುತ್ತಿದ್ದೆ. ಅವರು ಹೇಳಿದ್ದು ಸುಳ್ಳೋ ನಿಜವೋ? ಅವರು ಹತ್ತಿರ ಬಂದು ಕೂತರೆ ಸರಿದು ಅಮ್ಮನ ಪಕ್ಕಕ್ಕೆ ಹೋಗುತ್ತಿದ್ದೆ. ಅವರು ಗಮನಿಸುತ್ತಿದ್ದರು.

ಕಲೈ ಉಳಿದಳು. ಡೆಂಗಿ, ಇನ್ನು ಅರ್ಧ ದಿನ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಒಂದು ಬೆಳಿಗ್ಗೆ ದೀನಾ ಮಾಮಾ ಬಂದು ಹೊಸಿಲಿನಾಚೆ ತೆಂಗಿನಕಾಯಿ, ಬಾಳೆಹಣ್ಣಿನ ತಟ್ಟೆ ಇಟ್ಟು, ಒಳಗೆ ಕಾಲಿಡದೆ ಇಳಿದುಹೋದ. ನಮಗೆ ನಿರಾಳವಾಯಿತೆಂದುಕೊಂಡರೆ ಹಾಗಾಗಲಿಲ್ಲ. ಕಟ್ಟಿದ್ದೂ ನಿಜ, ಬಿಚ್ಚಿದ್ದೂ ನಿಜ ಎಂದು ಈಗ ಬೀದಿಗೇ ಖಾತ್ರಿಯಾಗಿತ್ತು. ಅಮ್ಮ ನಲ್ಲಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಜಾಗ ಬಿಡುತ್ತಿದ್ದರು. ಮಾತು ನಿಂತಿತು. ಒಂದು ದಿನ ಎದುರು ಮನೆಯ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದು, ತನ್ನ ಓರಗಿತ್ತಿಯ ಕೂದಲನ್ನು ಕಾಗದದಲ್ಲಿ ಸುತ್ತಿ ಅಜ್ಜನ ಮುಂದೆ ಇಟ್ಟು, ಇವಳಿಗೂ ಕಟ್ಟಿಕೊಡಿ ಎಂದಳು. ಅಜ್ಜ ಅದನ್ನು ಕಂಡು ಎದ್ದು ಒಳಗೆ ಹೋಗಿ, ಮರುದಿನವೇ ಊರಿನ ಬಸ್ಸು ಹತ್ತಿದರು.

ದೀಪಾವಳಿ ಕಳೆದ ಕೂಡಲೇ ಮಾಲೀಕರು ಮನೆ ಬಿಡಲು ಹೇಳಿದರು. ನಾವು ನಗರದ ಇನ್ನೊಂದು ತುದಿಯ ಅಡ್ಯಾರಿಗೆ ಬಂದೆವು. ಸಾಮಾನು ಏರಿಸುವಾಗ ಕಲೈ ಕಂಬಿಯ ಬಾಗಿಲಿನ ಹಿಂದೆ ನಿಂತಿದ್ದಳು, ಸೊರಗಿ, ಕೂದಲು ಕತ್ತರಿಸಿಕೊಂಡು. ಕೈಯೆತ್ತಿದಳು. ನಾನೂ ಎತ್ತುವಷ್ಟರಲ್ಲಿ ವಸಂತಾ ಅಕ್ಕ ಹಿಂದಿನಿಂದ ಬಂದು ಅವಳ ಕಣ್ಣನ್ನು ಅಂಗೈಯಿಂದ ಮುಚ್ಚಿ ಒಳಗೆ ಎಳೆದುಕೊಂಡರು. ಅವಳನ್ನು ನಾನು ಮತ್ತೆ ನೋಡಿಲ್ಲ.

ಮಾಘದಲ್ಲಿ ತಮ್ಮ ಹುಟ್ಟಿದ. ಅವನನ್ನು ಎತ್ತಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಮುಂದೆ ಕಾಲೇಜಿಗೆ ಬಂದ ಮೇಲೆ ಸಿಕ್ಕ ಸಿಕ್ಕ ಪುಸ್ತಕದಲ್ಲೆಲ್ಲ ಆ ನಕ್ಷತ್ರವನ್ನು ಹುಡುಕಿದೆ. ಯಹೂದಿಗಳು, ಮುಸಲ್ಮಾನರು ಅದನ್ನು ಸೊಲೊಮನ್ ಅರಸನ ಮುದ್ರೆಯೆಂದು ತಾಯಿತಗಳಲ್ಲಿ ಕೊರೆಸಿದ್ದರು, ದುಷ್ಟಶಕ್ತಿಗಳನ್ನು ಹಿಡಿದಿಡಲು. ನಮ್ಮಲ್ಲಿ ಅದು ಶಿವಶಕ್ತಿ, ತಮಿಳರಲ್ಲಿ ಮುರುಗ. ಈಗ ಸೈತಾನನದೆಂದು ಹೆದರಿಸುವ ಐದು ಮೂಲೆಯ ನಕ್ಷತ್ರ ಯುರೋಪಿನಲ್ಲಿ ಒಂದು ಕಾಲಕ್ಕೆ ಏಸುವಿನ ಐದು ಗಾಯಗಳ ಗುರುತಾಗಿತ್ತಂತೆ. ಅದನ್ನು ತಲೆಕೆಳಗು ಮಾಡಿ ಕೆಡುಕಿಗೆ ಕಟ್ಟಿದ್ದು ತೀರ ಇತ್ತೀಚೆಗೆ. ಎಲ್ಲ ಕಡೆಯೂ ಹೆದರಿದವರೇ ತಮ್ಮನ್ನು ಕಾಯಲೆಂದು ಬರೆದದ್ದು. ಅದನ್ನು ಕಂಡು ಹೆದರಿದವರು ಪಕ್ಕದ ಮನೆಯವರು. ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಯಾವ ಪುಸ್ತಕದಲ್ಲೂ ಇರುವಂತಿರಲಿಲ್ಲ.

ಒಂದು ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ, ಅಂದು ಕಲೈಯ ಮನೆಯಲ್ಲಿ ಹೇಳಿದ್ದು ಸುಳ್ಳೋ ನಿಜವೋ ಎಂದು ಅಜ್ಜನನ್ನು ಕೇಳಿದೆ. ಅವರಿಗೆ ಕಣ್ಣು ಮಂಜಾಗಿತ್ತು. ರಾಯಪುರಂನಿಂದ ಬಂದ ಮೇಲೆ ಅವರು ಒಂದು ಮಂಡಲವನ್ನೂ ಬರೆದಿರಲಿಲ್ಲ. ಕರೆಯಲು ಬಂದವರಿಗೆ ಮಂಡಿ ನೋವೆಂದು ಹೇಳುತ್ತಿದ್ದರು.

"ಸುಳ್ಳೇ ಹೇಳದ್ದ್ ಮಗಾ. ಆ ಹೆಣ್ಣ್ ಉಳೀಲಿ ಅಂತ," ಎಂದರು. ಮತ್ತೆ ಅವರೇ ಅಂದರು, "ಆದ್ರೆ ಅಮ್ಮನ್ ಮನೆಯನ್ನ ಮಾಟ ಅಂತ ನನ್ ಬಾಯಲ್ಲೇ ಹೇಳಿಬಿಟ್ಟೆ ಅಲ್ದಾ. ಮತ್ತೆ ಪುಡಿ ಮುಟ್ಲೇ ಇಲ್ಲ. ಇನ್ನ್ ಕರೆದ್ರೆ ಅವಳ್ ಬತ್ತಾಳೋ, ಬೇರೆ ಯಾರ್ ಬತ್ರೋ."

ನನ್ನ ಹಾಗೆಯೇ ಅವರೂ ಇಷ್ಟು ವರ್ಷ ಹೆದರಿಕೊಂಡಿದ್ದರೆಂದು ಆಗ ಗೊತ್ತಾಯಿತು. ಅವರ ಕೈ ಹಿಡಿದು ಕೂತೆ. ಅದಾಗಿ ಎರಡು ಮಳೆಗಾಲಕ್ಕೆ ಅವರು ತೀರಿಕೊಂಡರು. ಅವರ ಗೆರೆಯನ್ನು ನಮ್ಮ ಮನೆಯಲ್ಲಿ ಯಾರೂ ಕಲಿಯಲಿಲ್ಲ. ತಮ್ಮನ ಉಪನಯನಕ್ಕೆ ಪುರೋಹಿತರು ಮಂಡಲವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಅಚ್ಚು ಹಾಕಿಸಿ ತಂದು ಹಾಸಿದರು. ಮೂಲೆಯಲ್ಲಿ ಅಂಗಡಿಯ ಹೆಸರಿತ್ತು. ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಈಗ ಅಂಥ ನಕ್ಷತ್ರಗಳು ಕಿವಿಯೋಲೆಯಾಗಿ, ಕೀಲಿಗೊಂಚಲಾಗಿ ತೂಗುತ್ತಿರುತ್ತವೆ. ನನ್ನ ಮಗಳು ಒಂದನ್ನು ಕೊಂಡಿದ್ದಾಳೆ. ಹಾಗೆಂದರೇನು ಎಂದು ಅವಳು ಕೇಳಿಲ್ಲ. ನಾನೂ ಹೇಳಿಲ್ಲ.

ಹೋದ ಐಪ್ಪಸಿಯಲ್ಲಿ, ದೀಪಾವಳಿಯ ಹೊತ್ತಿನ ಮಳೆಗೆ, ನಮ್ಮ ಫ್ಲ್ಯಾಟಿನ ಎದುರು ಬಾಗಿಲಿನ ಹುಡುಗನಿಗೆ ಡೆಂಗಿಯಾಗಿತ್ತಂತೆ. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದನಂತೆ, ಒಂದು ದಿನ ತೀರ ಕೆಟ್ಟಿತ್ತಂತೆ. ಅವನು ಮನೆಗೆ ಬಂದ ಮೇಲೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಓದಿ ತಿಳಿದುಕೊಂಡೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲಿತ್ತು, ನಾನೂ ಒಂದು ಹಾಕಿದೆ. ಆಮೇಲೆ ಬಹಳ ಹೊತ್ತು ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಿದ್ದೆ. ಆ ಹುಡುಗನ ಹೆಸರೇನೆಂದು ನನಗೆ ಗೊತ್ತಿರಲಿಲ್ಲ.